ಇ-ಮೇಲ್ ಚರ್ಚೆಯಲ್ಲಿ ಉತ್ತರಿಸುವ ಶಿಸ್ತು

ಬಂದ ಪತ್ರಕ್ಕೆ ಉತ್ತರಿಸುವಾಗ ಅದರ ಎಷ್ಟು ಭಾಗವನ್ನು ಉದ್ಧರಿಸಬೇಕು? ಇ-ಮೇಲ್ ಬಳಸುವವರಿಗೆಲ್ಲ ಎದುರಾಗುವ ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ.

1971ರಲ್ಲಿ ರೇ ಟಾಮ್ಲಿನ್‌ಸನ್ ಅಮೆರಿಕದ ಅರ್ಪಾನೆಟ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. 1975ರಲ್ಲಿ ಜಾನ್ ವಿಟ್ಟಲ್ ರೂಪಿಸಿದ ಎಂಎಸ್‌ಜಿ ಎಂಬ ತಂತ್ರಾಂಶದಲ್ಲಿ, ಬಂದ ಪತ್ರದಿಂದಲೇ ವಿಳಾಸವನ್ನು ಪಡೆದು ಉತ್ತರಿಸುವ ಸೌಲಭ್ಯವಿತ್ತು.

ಡ್ಯೂಕ್ ವಿಶ್ವವಿದ್ಯಾನಿಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ 1979ರಲ್ಲಿ ಯೋಜಿಸಿದ ಯೂಸ್‌ನೆಟ್, ಹಲವರು ಸೇರಿ ಚರ್ಚಿಸುವ ಜಾಲ. ಅಲ್ಲಿ ಎರಡು ತೊಡಕುಗಳಿದ್ದವು. ಮೊದಲನೆಯದು ವೇಗ. ಆಗಿನ ಸೆಕೆಂಡಿಗೆ 300 ಬಿಟ್ ವೇಗದ ಮೋಡೆಮ್, ಒಂದು ಅಕ್ಷರಕ್ಕೆ 10 ಬಿಟ್‌ನಂತೆ, ಸೆಕೆಂಡಿಗೆ 30 ಅಕ್ಷರಗಳನ್ನಷ್ಟೇ ಸಾಗಿಸುತ್ತಿತ್ತು. 70 ಅಕ್ಷರಗಳ 60 ಸಾಲುಗಳಿರುವ ಹಳೆಯ ಪತ್ರವನ್ನು ಉತ್ತರಕ್ಕೆ ಇಡಿಯಾಗಿ ಸೇರಿಸಿದರೆ, ಅದೊಂದಕ್ಕೇ 140 ಸೆಕೆಂಡು ಬೇಕು. ದೂರವಾಣಿ ಖರ್ಚು ಬೇರೆ. ಎರಡನೆಯದು ಸಾಗಣೆಯ ಕ್ರಮ. ಸಂದೇಶಗಳು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಬೇರೆ ಬೇರೆ ದಾರಿಗಳಲ್ಲಿ ಹರಡುತ್ತಿದ್ದುದರಿಂದ ಕೆಲವೊಮ್ಮೆ ಪ್ರಶ್ನೆಗಿಂತ ಮೊದಲೇ ಉತ್ತರ ತಲುಪುತ್ತಿತ್ತು!

ಏನನ್ನೂ ಉದ್ಧರಿಸದಿದ್ದರೆ ಉತ್ತರ ಅರ್ಥವಾಗದು. ಎಲ್ಲವನ್ನೂ ಉದ್ಧರಿಸಿದರೆ ಜಾಲಕ್ಕೆ ಹೊರೆ. ಹೀಗಾಗಿ ಒಂದು ನಡುದಾರಿ ರೂಢಿಗೆ ಬಂತು: ಬೇಕಾದ ಸಾಲುಗಳನ್ನಷ್ಟೇ ಉಳಿಸಿಕೊಂಡು, ಅವುಗಳ ಮುಂದೆ '>' ಗುರುತು ಹಾಕಿ, ಕೆಳಗೆ ಉತ್ತರ ಬರೆಯುವುದು. 1995ರ ಅಕ್ಟೋಬರ್‌ನಲ್ಲಿ ಇಂಟೆಲ್‌ನ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಆರ್‌ಎಫ್‌ಸಿ 1855 ಎಂಬ ಮಾರ್ಗಸೂಚಿ ಈ ಬಗೆಯ ರೂಢಿಗಳನ್ನು ಬರಹಕ್ಕಿಳಿಸಿತು. ಸಂದರ್ಭ ತಿಳಿಯುವಷ್ಟನ್ನೇ ಉದ್ಧರಿಸಿ, ಬೇರೊಬ್ಬರ ಪತ್ರವನ್ನು ರವಾನಿಸುವಾಗ ಪದಗಳನ್ನು ಬದಲಿಸಬೇಡಿ, ಮೊಟಕುಗೊಳಿಸಿದರೆ ಬರೆದವರ ಹೆಸರನ್ನು ತಿಳಿಸಿ ಎಂದು ಅದು ಸೂಚಿಸುತ್ತದೆ.

ಮುಂದೆ ಜಾಲದ ವೇಗ ಹೆಚ್ಚಿತು. ಉತ್ತರವನ್ನು ಮೇಲೆ ಬರೆದು ಹಳೆಯ ಪತ್ರವನ್ನು ಕೆಳಗೆ ಹಾಗೆಯೇ ಬಿಡುವ ಪದ್ಧತಿ ಕಚೇರಿಗಳಲ್ಲಿ ಹಬ್ಬಿತು. ಇಬ್ಬರ ನಡುವಿನ ವ್ಯವಹಾರಕ್ಕೆ ಇದು ಅನುಕೂಲವೇ. ಆದರೆ ಹತ್ತಾರು ಜನರ ಚರ್ಚೆಯಲ್ಲಿ ಯಾರು ಯಾವ ಮಾತಿಗೆ ಉತ್ತರಿಸಿದರೆಂಬುದೇ ತಿಳಿಯದು.

ಮಿತವಾಗಿ ಉದ್ಧರಿಸುವುದರಲ್ಲೂ ಅಪಾಯವಿದೆ. "ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ" ಎಂದು ಒಬ್ಬರು ಬರೆದರೆನ್ನಿ. ಮೊದಲ ಪದವನ್ನು ಕೈಬಿಟ್ಟು ಉದ್ಧರಿಸಿ, 'ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದಲ್ಲ!' ಎಂದು ಆಕ್ಷೇಪಿಸಿದರೆ, ಸರಿಯಾಗಿ ಬರೆದವರೇ ತಪ್ಪಿತಸ್ಥರಾಗುತ್ತಾರೆ.

ಮೋಡೆಮ್ ಉಳಿತಾಯದ ಕಾಲ ಮುಗಿದಿದೆ. ಆದರೆ ಇನ್ನೊಬ್ಬರ ಮಾತನ್ನು ಅವರ ಹೆಸರಿನಲ್ಲಿ, ಅವರು ಹಾಕಿದ ಷರತ್ತಿನೊಂದಿಗೇ ಮುಂದಿಡುವ ಹೊಣೆ ಉತ್ತರಿಸುವವರ ಮೇಲೆ ಈಗಲೂ ಇದೆ. ವಿಜ್ಞಾನದ ಚರ್ಚೆ ನಿಂತಿರುವುದೂ ಇದರ ಮೇಲೆಯೇ.