ಮುಲಾಮಿನ ಬೆಲೆ

ಬೆಳ್ಳಿಯ ಮುಲಾಮಿನ ಹಳೆಯ ಪಾತ್ರೆಯನ್ನು ಕರಗಿಸಿದರೆ ಲಾಭ ಬಂದೀತೆ? ಇಂಗ್ಲೆಂಡಿನ ಎರಡು ಊರುಗಳ ಚರಿತ್ರೆ ಇದಕ್ಕೆ ಉತ್ತರ ಹೇಳುತ್ತದೆ.

ಸುಮಾರು 1743ರಲ್ಲಿ ಷೆಫೀಲ್ಡಿನ ಥಾಮಸ್ ಬೋಲ್ಸೋವರ್ ಎಂಬ ಕುಶಲಕರ್ಮಿ, ತಾಮ್ರಕ್ಕೆ ಬೆಳ್ಳಿಯನ್ನು ಕಾಸಿ ಬೆಸೆದರೆ ಎರಡೂ ಒಂದೇ ತಗಡಾಗಿ ಹಿಗ್ಗುವುದನ್ನು ಕಂಡುಕೊಂಡನು. ನಡುತರಗತಿಯ ಮನೆಗಳಿಗೂ ಬೆಳ್ಳಿಯ ಹೊಳಪು ಬಂದಿತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಮುಲಾಮು ಹಾಕುವ ಕ್ರಮಕ್ಕೆ ಪೇಟೆಂಟ್ ಪಡೆದರು. ಕೂದಲೆಳೆಗಿಂತ ತೆಳುವಾದ ಲೇಪವೇ ಸಾಕಾಯಿತು. ಷೆಫೀಲ್ಡಿನ ಹಳೆಯ ಕಸುಬು ಕ್ರಮೇಣ ಅಳಿಯಿತು.

'ಇ.ಪಿ.ಎನ್.ಎಸ್.' ಮುದ್ರೆಯ ಚಮಚದ ಒಡಲು, ನಮ್ಮ ಮನೆಗಳಲ್ಲೂ ಹೆಸರು ಕೇಳಿರುವ ಜರ್ಮನ್ ಸಿಲ್ವರ್. ಅದು ತಾಮ್ರ, ಸತು, ನಿಕ್ಕಲ್ಲುಗಳ ಬೆರಕೆ, ಹೆಸರಿನಲ್ಲಷ್ಟೇ ಬೆಳ್ಳಿ. ಮೇಲಿನ ಲೇಪವನ್ನು ಮನೆಯಲ್ಲಿ ಆಮ್ಲದಿಂದ ಬಿಡಿಸಹೊರಟರೆ ಅಪಾಯವೂ ಉಂಟು, ಖರ್ಚೂ ಗಿಟ್ಟದು. ಗುಜರಿಯವನು ಸಾಮಾನ್ಯವಾಗಿ ಒಡಲಿನ ಲೋಹಕ್ಕೆ ಮಾತ್ರ ಬೆಲೆ ಕಟ್ಟುತ್ತಾನೆ.

ವಿದ್ಯುತ್ತಿಗೆ ಸೋತ ಹಳೆಯ ಷೆಫೀಲ್ಡ್ ಪಾತ್ರೆಗಾದರೋ ಇಂದು ಸಂಗ್ರಾಹಕರಿದ್ದಾರೆ. ಸವೆದ ಕಡೆ ಇಣುಕುವ ತಾಮ್ರದ ಕೆಂಪು ಅದರ ಒಂದು ಗುರುತು. ಹೊಸ ಮುಲಾಮು ಹಾಕಿಸಿದರೆ ಅದರ ಬೆಲೆ ಇಳಿಯುತ್ತದೆ; ಕರಗಿಸಿದರೆ ನೂರಾರು ವರ್ಷದ ಕೈಕೆಲಸವೇ ತಾಮ್ರದ ತುಂಡಾಗುತ್ತದೆ. ಅಟ್ಟದ ಪಾತ್ರೆಯನ್ನು ತಕ್ಕಡಿಗೆ ಹಾಕುವ ಮುನ್ನ, ತಳದ ಮುದ್ರೆಯನ್ನೊಮ್ಮೆ ಓದಿ ನೋಡುವುದು ಒಳ್ಳೆಯದು.