ಬಿಬಿಸಿ ಮೈಕ್ರೋ: ಸದ್ದಿದೆ, ಚಿತ್ರವಿಲ್ಲ

ಕಳೆದ ತಿಂಗಳು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ನಮ್ಮ ಶಾಲೆಯ ಬಿಬಿಸಿ ಮೈಕ್ರೋ ಒಂದು ನನ್ನ ಬಳಿ ಇದೆ. ಸ್ವಿಚ್ ಹಾಕಿದರೆ ಬೀಪ್ ಎನ್ನುತ್ತದೆ, ಆದರೆ ಚಿತ್ರ ಬರುವುದಿಲ್ಲ" ಎಂದ. ಆ ಸದ್ದನ್ನು ಮರೆತವರು ನಿಮ್ಮಲ್ಲಿ ವಿರಳವೆಂದು ಭಾವಿಸುತ್ತೇನೆ. 1984ರಲ್ಲಿ ಕೇಂದ್ರ ಸರ್ಕಾರವು 'ಕ್ಲಾಸ್' ಯೋಜನೆಯ ಮೂಲಕ ದೇಶದ ಸುಮಾರು 250 ಶಾಲೆಗಳಲ್ಲಿ ಗಣಕಶಿಕ್ಷಣ ಆರಂಭಿಸಿದಾಗ ಆರಿಸಿಕೊಂಡದ್ದು, ಕೇಂಬ್ರಿಜ್‌ನ ಏಕಾರ್ನ್ ಸಂಸ್ಥೆ 1981ರಲ್ಲಿ ಹೊರತಂದಿದ್ದ ಈ ಯಂತ್ರವನ್ನೇ. ಕೆಲಕಾಲದ ನಂತರ ನಮ್ಮ ಶಾಲೆಗೂ ಅದು ಬಂದಿತು. ಗಣಿತದ ಮೇಷ್ಟ್ರೆಂಬ ಒಂದೇ ಕಾರಣಕ್ಕೆ ಅದರ ಕೊಠಡಿಯ ಬೀಗದ ಕೈ ನನ್ನ ಪಾಲಾಯಿತು.

ಯಂತ್ರ ಕೆಟ್ಟಿರಲಿಲ್ಲ. ಅದರ ಭಾಷೆಯನ್ನು ಈಗಿನ ಮಾನಿಟರ್ ಅರಿಯದು, ಅಷ್ಟೇ. ಇದರ ಮೂಲ ಗಣಕಯಂತ್ರಕ್ಕಿಂತ ಹಳೆಯದು. ಯುರೋಪಿನ ದೂರದರ್ಶನ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು. ಪ್ರತಿ ಚಿತ್ರವನ್ನೂ ಬೆಸ ಗೆರೆ, ಸಮ ಗೆರೆಗಳೆಂದು ಎರಡು ಅರ್ಧಗಳಾಗಿ ಬಿಡಿಸುತ್ತಿದ್ದರು. ಹೀಗೆ ಸೆಕೆಂಡಿಗೆ 50 ಅರ್ಧಚಿತ್ರಗಳು. ಅಲ್ಲಿನ ವಿದ್ಯುತ್ತಿನ ಆವರ್ತನವೂ 50. ಎರಡೂ ಹೊಂದದಿದ್ದರೆ ಆ ಕಾಲದ ಟಿ.ವಿ.ಗಳ ಪರದೆಯ ಮೇಲೆ ಮಸುಕು ಪಟ್ಟಿಗಳು ತೆವಳುತ್ತಿದ್ದವು. ನಮ್ಮ ದೂರದರ್ಶನವೂ 625 ಗೆರೆಗಳದ್ದೇ. ಈ ಎರಡು ಸಂಖ್ಯೆಗಳನ್ನು ಗುಣಿಸಿ ನೋಡಿ: ಸೆಕೆಂಡಿಗೆ 15,625 ಗೆರೆಗಳು, ಅಂದರೆ ಐದರ ಆರನೆಯ ಘಾತ! (ಮೇಷ್ಟ್ರ ಚಾಳಿ, ಕ್ಷಮಿಸಿ.) ಒಂದು ಗೆರೆಗೆ ದೊರೆಯುವ ಸಮಯ 64 ಮೈಕ್ರೋಸೆಕೆಂಡು.

ಮನೆಯ ಟಿ.ವಿ.ಗೂ ಜೋಡಿಸುವಂತಿರಬೇಕೆಂದು ಬಿಬಿಸಿ ಮೈಕ್ರೋ ಇದೇ ಲಯವನ್ನು ಅನುಸರಿಸಿತು. 1987ರಲ್ಲಿ ಐಬಿಎಂ ತನ್ನ ವಿಜಿಎ ಪದ್ಧತಿಯಲ್ಲಿ ಟಿ.ವಿ.ಯ ಹಂಗು ತೊರೆಯಿತು: ಸೆಕೆಂಡಿಗೆ ಸುಮಾರು 31,500 ಗೆರೆಗಳು, 60 ಚಿತ್ರಗಳು. ಮುಂದೆ ಬಂದ ಮಾನಿಟರುಗಳು ಆ ವೇಗವನ್ನೇ ತಳಹದಿಯಾಗಿ ಹಿಡಿದುದರಿಂದ, ಅದಕ್ಕಿಂತ ನಿಧಾನವಾಗಿ ಬರುವ ಸಂಕೇತವನ್ನು ಹೆಚ್ಚಿನವು ತಿರಸ್ಕರಿಸುತ್ತವೆ.

ಶಾಲೆಯ ಹಳೆಯ ಮಾನಿಟರುಗಳಿದ್ದಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಅವುಗಳನ್ನು ಗುಜರಿಗೆ ತೂಕಕ್ಕೆ ಹಾಕಿದಾಗ ವಿಲೇವಾರಿ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. "ಡಬ್ಬಗಳು" ಎಂದು ಬರೆದಿದ್ದೆವು. ಗಣಕಯಂತ್ರ ಉಳಿದರೆ ಸಾಕೆಂದುಕೊಂಡಿದ್ದ ನನಗೆ, ಅದನ್ನು ತೋರಿಸುವ ಗಾಜೂ ಅದರ ಅರ್ಧಭಾಗವೆಂಬುದು ಹೊಳೆದಿರಲಿಲ್ಲ.

ಪರಿಹಾರದ ತತ್ತ್ವ ಸರಳವೆನ್ನಬಹುದು. ಬಂದ ಗೆರೆಯನ್ನು ಸ್ಮೃತಿಯಲ್ಲಿ ಹಿಡಿದಿಟ್ಟು, 32 ಮೈಕ್ರೋಸೆಕೆಂಡಿನಂತೆ ಎರಡು ಬಾರಿ ಓದಿಸಿದರೆ ವೇಗ ಇಮ್ಮಡಿಸುತ್ತದೆ. ಆದರೂ ಸೆಕೆಂಡಿಗೆ 50 ಚಿತ್ರಗಳೆಂಬುದು ಹಾಗೆಯೇ ಉಳಿಯುತ್ತದೆ. ಕೆಲವು ಮಾನಿಟರುಗಳು ಅದಕ್ಕೂ ಒಪ್ಪುವುದಿಲ್ಲ. ಆಗ ಇಡೀ ಚಿತ್ರವನ್ನೇ ಹಿಡಿದಿಡಬೇಕು. ನನ್ನ ಶಿಷ್ಯ ಮೊದಲು ಪೇಟೆಯ ಅಗ್ಗದ ಪರಿವರ್ತಕವೊಂದನ್ನು ತಂದ. ಅದರಲ್ಲಿ ಬಣ್ಣವಿಲ್ಲ, ಅಕ್ಷರಗಳೆಲ್ಲ ಹಾಲಿನಲ್ಲಿ ಅದ್ದಿದಂತೆ. ಬಣ್ಣ ಬರದಿದ್ದುದು ಪರಿವರ್ತಕದ ತಪ್ಪಲ್ಲ. ಬಿಬಿಸಿ ಮೈಕ್ರೋವಿನ ಸಂಯುಕ್ತ ವಿಡಿಯೋ ಕಿಂಡಿಯಿಂದ ಸಾಮಾನ್ಯವಾಗಿ ಕಪ್ಪು-ಬಿಳುಪು ಮಾತ್ರ ಹೊರಡುತ್ತದೆ. ಶುದ್ಧ ಬಣ್ಣ ದೊರೆಯುವುದು ಆರು ಕಡ್ಡಿಗಳ ಇನ್ನೊಂದು ಕಿಂಡಿಯಲ್ಲಿ. ಅಲ್ಲಿ ಕೆಂಪು, ಹಸಿರು, ನೀಲಿ ತಂತಿಗಳು ಒಂದೊಂದೂ ಇದೆ ಅಥವಾ ಇಲ್ಲ ಎನ್ನುತ್ತವೆ. ಒಟ್ಟು ಎಂಟೇ ಬಣ್ಣ.

ಆ ಕಿಂಡಿಗೆ ಹೊಂದುವಂತೆ ಹವ್ಯಾಸಿಗಳು ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಗಣಕವನ್ನು ಬಳಸಿ 'ಆರ್‌ಜಿಬಿ ಟು ಎಚ್‌ಡಿಎಂಐ' ಎಂಬ ಸಾಧನವೊಂದನ್ನು ರೂಪಿಸಿದ್ದಾರೆ. ಅದು ಸಂಕೇತವನ್ನು ಅಂದಾಜಿನಲ್ಲಿ ಅಳೆಯುವುದಿಲ್ಲ. ಬಿಬಿಸಿ ಮೈಕ್ರೋ ಸೆಕೆಂಡಿಗೆ 1 ಕೋಟಿ 60 ಲಕ್ಷ ಬಿಂದುಗಳ ಲಯದಲ್ಲಿ ಬರೆದರೆ, ಅದೇ ಲಯದಲ್ಲಿ ಪ್ರತಿ ಬಿಂದುವಿನ ನಡುವನ್ನೇ ನೋಡಿ ಓದುತ್ತದೆ. ಹುಡುಗ ಅದನ್ನು ತರಿಸಿ, ಬೆಸುಗೆ ಹಾಕಿ, ಯಂತ್ರವನ್ನು ಹೊತ್ತು ಮನೆಗೇ ಬಂದ. ('ಹುಡುಗ'ನ ತಲೆ ನನ್ನದಕ್ಕಿಂತ ಹೆಚ್ಚು ಬೆಳ್ಳಗಾಗಿದೆ.) ನಮ್ಮ ಮನೆಯ ಟಿ.ವಿ.ಗೆ ಜೋಡಿಸಿದೆವು. ಬೀಪ್ ಎಂದಿತು. ಕಪ್ಪು ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ' ಎಂಬ ಬಿಳಿಯ ಅಕ್ಷರಗಳು, ಸೀಮೆಸುಣ್ಣದಿಂದ ಈಗಷ್ಟೇ ಬರೆದಂತೆ ಸ್ಫುಟವಾಗಿ ಮೂಡಿದವು.

"ಏನಾದರೂ ಟೈಪ್ ಮಾಡಿ, ಸಾರ್" ಎಂದ. ಐದರ ಆರನೆಯ ಘಾತವನ್ನು ಕೇಳಿದೆ. ಕ್ಷಣದಲ್ಲಿ 15625 ಎಂದು ಉತ್ತರ ಬಂದಿತು.