ಅಚ್ಚಪ್ಪದ ಅಚ್ಚು ಯಾರದ್ದು?

ಕಳೆದ ರಮಝಾನಿನ ಕೊನೆಯ ವಾರ ನಮ್ಮ ಅಡುಗೆ ಮನೆಯಲ್ಲಿ ಒಂದು ಹಿತ್ತಾಳೆಯ ಹೂವು ಹಿಡಿಯಿಂದ ಕಳಚಿ ಬಿತ್ತು. ಎಂಟು ಎಸಳು, ನಡುವೆ ಒಂದು ಉಂಗುರ, ಅದಕ್ಕೆ ಒಂದೂವರೆ ಗೇಣಿನ ಕಬ್ಬಿಣದ ಕಂಬಿ. ಅದು ಅಚ್ಚಪ್ಪದ ಅಚ್ಚು. ಬೇರೆ ಯಾವ ಕೆಲಸಕ್ಕೂ ಬಾರದ ಸಾಮಾನು. ವರ್ಷದಲ್ಲಿ ಒಂದೆರಡು ದಿನ ಮಾತ್ರ ಅದಕ್ಕೆ ಕೆಲಸ, ಉಳಿದ ದಿನವೆಲ್ಲ ಗೋಡೆಯ ಮೊಳೆಯೇ ಅದರ ಮನೆ. ಆದರೆ ಅದು ಮುರಿದ ದಿನ ಅಮ್ಮಿಯ ಮುಖ ನೋಡಿದಾಗ, ಮನೆಯ ಹಿರಿಯರೊಬ್ಬರಿಗೆ ಏನೋ ಆಯಿತೆಂಬಂತಿತ್ತು.

ಅಚ್ಚಪ್ಪ ಮಾಡುವುದು ನೋಡಲು ಸುಲಭ. ಅಕ್ಕಿಹಿಟ್ಟು, ತೆಂಗಿನ ಹಾಲು, ಸಕ್ಕರೆ, ಮೊಟ್ಟೆ, ಒಂದಿಷ್ಟು ಎಳ್ಳು. ಕಷ್ಟವಿರುವುದು ಅಚ್ಚಿನಲ್ಲಿ. ಅಚ್ಚನ್ನು ಮೊದಲು ಎಣ್ಣೆಯಲ್ಲಿ ಕಾಯಿಸಿ ನಂತರ ಹಿಟ್ಟಿನಲ್ಲಿ ಅದ್ದಬೇಕು. ಕಾವು ಕಡಿಮೆಯಾದರೆ ಹಿಟ್ಟು ಅಂಟುವುದಿಲ್ಲ, ಹೆಚ್ಚಾದರೆ ಅಂಟಿದ್ದೂ ಜಾರಿಹೋಗುತ್ತದೆ. ಅಂಚಿಗಿಂತ ಕೂದಲೆಳೆಯಷ್ಟು ಕೆಳಗೆ ಅದ್ದುವುದನ್ನು ನಿಲ್ಲಿಸಬೇಕು. ಹಿಟ್ಟು ಅಚ್ಚಿನ ಮೇಲೆ ಹತ್ತಿದರೆ ಹೂವು ಬೀಗ ಹಾಕಿಕೊಂಡಂತೆ, ಬಿಡಿಸಲು ಚಾಕುವೇ ಬೇಕು. ಸರಿಯಾಗಿ ಅದ್ದಿ ಮತ್ತೆ ಎಣ್ಣೆಗಿಳಿಸಿದರೆ ಹಿಟ್ಟಿನ ನೀರು ಆವಿಯಾಗಿ ಹೊರಟು ಅಂಚುಗಳು ಗಟ್ಟಿಯಾಗುತ್ತವೆ, ಸಣ್ಣಗೆ ಅಲುಗಿಸಿದರೆ ಹೂವು ತಾನಾಗಿ ಕಳಚಿ ತೇಲುತ್ತದೆ. ಈ ಲೆಕ್ಕ ಯಾವ ಪುಸ್ತಕದಲ್ಲೂ ಕಲಿತದ್ದಲ್ಲ, ಕೈ ಕಲಿತದ್ದು.

ಹೊಸ ಅಚ್ಚಿಗಾಗಿ ಚಿಕ್ಕಮಗಳೂರಿನ ಪಾತ್ರೆ ಅಂಗಡಿಗಳನ್ನು ಸುತ್ತಿದೆವು. ಸಿಕ್ಕಿದ್ದು ಹಗುರವಾದ ಅಲ್ಯೂಮಿನಿಯಂ ಅಚ್ಚು. ತಂದು ಅದ್ದಿದರೆ ಮೊದಲ ಐದೂ ಬಿಡಲಿಲ್ಲ. ಆಗ ನೆರವಿಗೆ ಬಂದವರು ಪಕ್ಕದ ಕ್ರೈಸ್ತ ಮನೆಯ ಬಾಯಮ್ಮ. ಅವರು ಕ್ರಿಸ್ಮಸ್ಸಿನ ಕುಸ್ವಾರಿಗೆ ಇದನ್ನೇ ಮಾಡುತ್ತಾರೆ, ಹೆಸರು ಮಾತ್ರ ಕೊಕ್ಕಿಸಾಂ. "ಹೊಸ ಅಚ್ಚು ಎಣ್ಣೆ ಕುಡಿಯಬೇಕು ಮಗಾ. ಒಂದು ರಾತ್ರಿ ಗಂಜಿ ತಿಳಿಯಲ್ಲಿಡು, ಆಮೇಲೆ ಎಣ್ಣೆ ಸವರಿ ಎರಡು ದಿನ ಬಿಡು" ಎಂದರು. ಹಾಗೆ ಮಾಡಿದ ಮೇಲೆ ಅಚ್ಚು ಮಾತು ಕೇಳತೊಡಗಿತು.

ಒಂದೇ ಅಚ್ಚು, ಎರಡು ಹಬ್ಬ, ಎರಡು ಹೆಸರು. ಹಾಗಾದರೆ ಇದು ಮೊದಲು ಯಾರದ್ದು? ಈ ಪ್ರಶ್ನೆ ಹಿಡಿದು ಹೊರಟರೆ ನಾವು ಮಲೆನಾಡು ದಾಟಿ ಬಹಳ ದೂರ ಹೋಗಬೇಕಾಗುತ್ತದೆ.

ಕೇರಳದ ಸಿರಿಯನ್ ಕ್ರೈಸ್ತರ ಮನೆಗಳಲ್ಲಿ ಇದು ಅಚ್ಚಪ್ಪಂ, ತಮಿಳರಲ್ಲಿ ಅಚ್ಚು ಮುರುಕ್ಕು, ತೆಲುಗರಲ್ಲಿ ಗುಲಾಬಿ ಪುವ್ವುಲು. ಶ್ರೀಲಂಕಾದ ಸಿಂಹಳೀಯರು ತಮ್ಮ ಹೊಸ ವರ್ಷಕ್ಕೆ ಮಾಡುವುದು ಕೋಕಿಸ್. ಈ ಕೊನೆಯ ಹೆಸರು ಡಚ್ಚರ ಕೂಕಿಯೆ ಎಂಬ ಪದದಿಂದ ಬಂದದ್ದು. ಇಂಗ್ಲಿಷಿನ ಕುಕ್ಕಿಯ ಮೂಲವೂ ಅದೇ. ಬಾಯಮ್ಮನ ಕೊಕ್ಕಿಸಾಂನಲ್ಲಿಯೂ ಅದೇ ದನಿ ಕೇಳುವುದಿಲ್ಲವೇ? ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಡಚ್ಚರು 1663ರಲ್ಲಿ ಅವರಿಂದ ಕೊಚ್ಚಿಯನ್ನು ಕಿತ್ತುಕೊಂಡರು. ಲಂಕೆಯ ಕರಾವಳಿಯಲ್ಲಿ 1796ರವರೆಗೂ ಇದ್ದರು. ಕೋಟೆಗಳು ಕೈ ಬದಲಾಯಿಸಿದವು, ಪದಗಳು ಮಾತ್ರ ಅಡುಗೆ ಮನೆಗಳಲ್ಲಿ ಉಳಿದುಕೊಂಡವು.

ಹಾಗೆಂದು ಅಚ್ಚೂ ಯುರೋಪಿನದೇ ಎಂದು ತೀರ್ಪು ಕೊಡುವುದು ಅವಸರವಾದೀತು. ಸ್ವೀಡನ್, ನಾರ್ವೆಗಳಲ್ಲಿ ಕ್ರಿಸ್ಮಸ್ಸಿಗೆ ಇಂತಹದೇ ಅಚ್ಚಿನ ತಿಂಡಿಯಿದೆ. ಸ್ಪೇನಿನಲ್ಲಿ ಅದನ್ನು ಹೂವು ಎಂದೇ ಕರೆಯುತ್ತಾರೆ. ತುರ್ಕಿಯಲ್ಲಿ ಅದು ದೆಮಿರ್ ತತ್ಲಿಸಿ, ಅಂದರೆ ಕಬ್ಬಿಣದ ಸಿಹಿ. ಇರಾನಿನಲ್ಲಿ ನಾನ್ ಪಂಜರೆ, ಅಂದರೆ ಕಿಟಕಿ ರೊಟ್ಟಿ. ಎಸಳುಗಳ ನಡುವಿನ ಕಂಡಿಗಳನ್ನು ನೋಡಿ ಅಲ್ಲಿಯವರಿಗೆ ಕಿಟಕಿ ನೆನಪಾಯಿತು. ಆ ಹೆಸರು ಕೇಳಿದರೆ ಕನ್ನಡಿಗರಾದ ನಮಗೆ ಪಂಜರ ನೆನಪಾಗುತ್ತದೆ. ಒಂದೇ ವಸ್ತು, ನೋಡುವ ಕಣ್ಣು ಬೇರೆ.

ನಮ್ಮ ಗುಡ್ಡಗಳಿಗೆ ಇದು ಹತ್ತಿ ಬಂದ ದಾರಿಯನ್ನು ಊಹಿಸುವುದು ಕಷ್ಟವಲ್ಲ. 19ನೇ ಶತಮಾನದಲ್ಲಿ ಕಾಫಿ ತೋಟಗಳು ಹರಡಿದಂತೆ ಕರಾವಳಿಯ ಜನ ಘಾಟಿ ಹತ್ತಿದರು. ಚಾರ್ಮಾಡಿಯ ದಾರಿಯಲ್ಲಿ ಕೊಟ್ಟಿಗೆಹಾರ, ಮೂಡಿಗೆರೆಗಳಿಗೆ ಬ್ಯಾರಿ ವ್ಯಾಪಾರಿಗಳು, ಕೊಂಕಣಿ ಮಾತಾಡುವ ಕ್ರೈಸ್ತರು, ತುಳುವ ಕೂಲಿಯಾಳುಗಳು ಬಂದರು. ಅವರ ಗಂಟುಗಳಲ್ಲಿ ಬಟ್ಟೆಯ ಜೊತೆ ಅಡುಗೆಯ ಸಾಮಾನೂ ಇದ್ದಿರಲೇಬೇಕು. ಕಾಫಿ ಬೀಜವನ್ನು ಯಮನಿನಿಂದ ತಂದವರು ಬಾಬಾ ಬುಡನ್ ಎಂಬ ಪ್ರತೀತಿಯಿದೆ. ಏಳು ಬೀಜಗಳೆಂದು ಲೆಕ್ಕವೂ ಇದೆ. ಅಚ್ಚನ್ನು ತಂದ ಹೆಂಗಸರಿಗೆ ಅಂತಹ ಕತೆಯೂ ಇಲ್ಲ, ಹೆಸರೂ ಇಲ್ಲ. ಅಡುಗೆಯ ಮೇಲೆ ಕನ್ನಡದಲ್ಲಿ 16ನೇ ಶತಮಾನದ ಆರಂಭದಲ್ಲಿಯೇ ಮಂಗರಸ 'ಸೂಪಶಾಸ್ತ್ರ' ಬರೆದ. ಆದರೆ ಅಚ್ಚು ಎರೆದ ಕಂಚುಗಾರನ ಹೆಸರನ್ನು ಬರೆದಿಡಬೇಕೆಂದು ಯಾರಿಗೂ ಅನಿಸಲಿಲ್ಲ.

ಅಚ್ಚು ಎಂಬ ಪದವನ್ನೇ ನೋಡಿ. ಬೆಲ್ಲಕ್ಕೂ ಅಚ್ಚು, ಅಕ್ಷರಕ್ಕೂ ಅಚ್ಚು. 1843ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಆ ಅಚ್ಚಿನ ಇತಿಹಾಸವನ್ನು ನಾವು ಶಾಲೆಯಲ್ಲಿ ಓದುತ್ತೇವೆ. ಒಲೆಯ ಮುಂದಿನ ಅಚ್ಚಿಗೂ ಒಂದು ಪುಟ ಸಲ್ಲಬೇಡವೇ?

ಮುರಿದ ಹಳೆಯ ಅಚ್ಚನ್ನು ಬಿಸಾಡಲು ಅಮ್ಮಿ ಒಪ್ಪಲಿಲ್ಲ. ಬೆಸುಗೆ ಹಾಕುವವರೊಬ್ಬರ ಬಳಿ ಒಯ್ದೆವು. ಅವರು ತಿರುಗಿಸಿ ನೋಡಿ, "ಇದಕ್ಕೆ ಸೀಸದ ಬೆಸುಗೆ ನಿಲ್ಲುವುದಿಲ್ಲ ಸಾಬರೇ, ಎಣ್ಣೆಯ ಕಾವಿಗೆ ಬಿಟ್ಟುಕೊಳ್ಳುತ್ತದೆ. ತಿನ್ನುವ ಪದಾರ್ಥಕ್ಕೆ ಸೀಸ ತಾಗಲೂಬಾರದು" ಎಂದರು. ಮಾತು ನಿಜ. ತವರ ಮತ್ತು ಸೀಸದ ಬೆಸುಗೆ ಸುಮಾರು 183 ಡಿಗ್ರಿಗೆ ಕರಗತೊಡಗುತ್ತದೆ. ಕರಿಯುವ ಎಣ್ಣೆ ಅದರ ಹತ್ತಿರಕ್ಕೇ ಹೋಗುತ್ತದೆ. ಅವರು ಉಂಗುರಕ್ಕೆ ತೂತು ಕೊರೆದು ಕಂಬಿಯನ್ನು ತೂರಿಸಿ, ತುದಿಯನ್ನು ಬಡಿದು ಚಪ್ಪಟೆ ಮಾಡಿಕೊಟ್ಟರು.

ಇಂದು ಊಟದ ತಟ್ಟೆಯ ಮೇಲೂ ಇದು ನಮ್ಮದು, ಅದು ನಿಮ್ಮದು ಎಂಬ ಗೆರೆ ಎಳೆಯುವವರಿದ್ದಾರೆ. ಅವರ ಮುಂದೆ ಈ ಅಚ್ಚನ್ನಿಟ್ಟರೆ ಏನೆನ್ನುವರೋ? ಈದಿಗೆ ಅದು ನಮ್ಮ ಒಲೆಯ ಮೇಲೆ ಮತ್ತೆ ಹೂವು ಬಿಟ್ಟಿತು. ಡಿಸೆಂಬರಿನಲ್ಲಿ ಬಾಯಮ್ಮ ಬೇಲಿಯಾಚೆಯಿಂದ, "ನಿಮ್ಮ ಹಳೆಯದೇ ಕೊಡಿ, ಅದು ಚೆನ್ನಾಗಿ ಬಿಡುತ್ತದೆ" ಎಂದು ಕೇಳಿ ಒಯ್ದರು. ತಿರುಗಿ ಬಂದಾಗ ಅಚ್ಚನ್ನು ತೊಳೆದಿರಲಿಲ್ಲ, ಎಣ್ಣೆ ಹಾಗೆಯೇ ಇತ್ತು. ತೊಳೆಯಬಾರದೆಂದು ಅವರಿಗೂ ಗೊತ್ತು, ನಮಗೂ ಗೊತ್ತು.